ಬೆಲ್‌ಗೆ ಮೂರು ವಾರ, ನನಗೆ ಮೂರು ವರ್ಷ

1876ರ ಫೆಬ್ರವರಿ 14ಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಟೆಲಿಫೋನ್ ಪೇಟೆಂಟಿನ ಅರ್ಜಿ ಸಲ್ಲಿಕೆಯಾಯಿತು. ಮಾರ್ಚ್ 7ಕ್ಕೆ ಪೇಟೆಂಟ್ ಬಂದೇ ಬಿಟ್ಟಿತು. ನಾನು ಅರ್ಜಿ ಹಾಕಿ ಮೂರು ವರ್ಷ ಆಯ್ತು. ಇಲ್ಲಿವರೆಗೆ ಬಂದಿರುವುದು ಒಂದು ಆಕ್ಷೇಪಣೆ ಪತ್ರ, ಅಷ್ಟೇ.

ಅರ್ಜಿ ಪರಿಶೀಲಿಸುವ ಪೇಟೆಂಟ್ ಕಚೇರಿಯ ಪರೀಕ್ಷಕರ ಮೇಲೆ ನನಗೇನೂ ಸಿಟ್ಟಿಲ್ಲ. ಇದೇ ಐಡಿಯಾ ಪ್ರಪಂಚದ ಯಾವುದೋ ಮೂಲೆಯಲ್ಲಿ, ಯಾವುದೋ ಭಾಷೆಯಲ್ಲಿ ಮೊದಲೇ ಅಚ್ಚಾಗಿದೆಯಾ ಅಂತ ಅವರು ಹುಡುಕಬೇಕು. ಹೊಸದೇ ಆಗಿದ್ದರೂ, ಆ ಕೆಲಸ ಬಲ್ಲವರಿಗೆ ತಾನಾಗಿಯೇ ಹೊಳೆಯುವಂಥದ್ದಾ ಅಂತ ನೋಡಬೇಕು. ಅರ್ಜಿ ಹಾಕುವ ನಾವೇನು ಕಡಿಮೆಯವರಲ್ಲ. ನನ್ನ ಮೊದಲ ಕ್ಲೇಮ್, ಅಂದ್ರೆ ಇಷ್ಟು ನನ್ನದು ಅಂತ ಹಕ್ಕು ಕೇಳುವ ಸಾಲು, ಎಷ್ಟು ಅಗಲವಾಗಿತ್ತು ಅಂದ್ರೆ, 40 ವರ್ಷ ಹಳೆಯ ಯಂತ್ರವೂ ಅದರೊಳಗೆ ಹಿಡಿಸುತ್ತಿತ್ತು! ಜಾಸ್ತಿ ಕೇಳೋಣ, ಆಮೇಲೆ ಚೌಕಾಸಿ ಮಾಡೋಣ ಅನ್ನೋ ಬುದ್ಧಿ.

ಪರಿಶೀಲನೆ ನಿಧಾನವಾಗಲಿ. ಆದರೆ ಯಾರೂ ಫೈಲ್ ತೆರೆಯದೆ ಸರದಿಯಲ್ಲಿ ಸುಮ್ನೆ ಕೂತ ದಿನಗಳಿವೆಯಲ್ಲ, ಅವು ಯಾರ ಲೆಕ್ಕಕ್ಕೆ? ಪೇಟೆಂಟಿನ ಆಯಸ್ಸು 20 ವರ್ಷ. ಅದನ್ನು ಎಣಿಸುವುದು ಅರ್ಜಿ ಹಾಕಿದ ದಿನದಿಂದ, ಮಂಜೂರಾದ ದಿನದಿಂದ ಅಲ್ಲ. ಸಾಮಾನ್ಯವಾಗಿ 18 ತಿಂಗಳಿಗೆ ಅರ್ಜಿ ಪ್ರಕಟವಾಗುತ್ತದೆ, ಯಾರು ಬೇಕಾದರೂ ಓದಬಹುದು. ನಕಲು ಮಾಡಿದವರ ಮೇಲೆ ಕೇಸ್ ಹಾಕಲು ಮಾತ್ರ ಮಂಜೂರಾತಿಗೆ ಕಾಯಬೇಕು.

ಹಿಂದೆ ಅಮೆರಿಕದಲ್ಲಿ ಇದು ತಿರುಗುಮುರುಗಾಗಿತ್ತು. ಅಮೆರಿಕದ ಭೌತವಿಜ್ಞಾನಿ ಗಾರ್ಡನ್ ಗೌಲ್ಡ್ ಅವರದ್ದೇ ನೋಡಿ. ಲೇಸರ್ ಕಲ್ಪನೆಯನ್ನು 1957ರಲ್ಲೇ ನೋಟ್‌ಬುಕ್ಕಿನಲ್ಲಿ ಬರೆದು ನೋಟರಿಯಿಂದ ಮುದ್ರೆ ಹಾಕಿಸಿಟ್ಟಿದ್ದರು. ಮೊದಲು ಯಂತ್ರ ಮಾಡಿ ತೋರಿಸಬೇಕು ಅಂದುಕೊಂಡು ಅರ್ಜಿ ಹಾಕಿದ್ದು 1959ರಲ್ಲಿ. ಅಷ್ಟರಲ್ಲಿ ಇದೇ ಕಲ್ಪನೆಯ ಮೇಲೆ ಕೆಲಸ ಮಾಡುತ್ತಿದ್ದ ಟೌನ್ಸ್ ಮತ್ತು ಶಾಲೋ ಎಂಬ ವಿಜ್ಞಾನಿಗಳು ಅರ್ಜಿ ಹಾಕಿಯಾಗಿತ್ತು. ಜಗಳ ಎಳೆದು ಎಳೆದು, ಗೌಲ್ಡ್‌ಗೆ ಲೇಸರ್ ಆಂಪ್ಲಿಫೈಯರ್ (ಬೆಳಕನ್ನು ಬಲಪಡಿಸುವ ಸಾಧನ) ಪೇಟೆಂಟ್ ಸಿಕ್ಕಿದ್ದು 1977ರಲ್ಲಿ. ಆಗ ಅಮೆರಿಕದಲ್ಲಿ ಮಂಜೂರಾದ ದಿನದಿಂದ 17 ವರ್ಷ ಎಣಿಸುತ್ತಿದ್ದರು. ಅಷ್ಟೊತ್ತಿಗೆ ಲೇಸರ್ ದೊಡ್ಡ ಉದ್ಯಮವಾಗಿತ್ತು. ತಡವಾಗಿದ್ದೇ ಅವರಿಗೆ ಲಾಭವಾಯಿತು! ಬೇಕಂತಲೇ ಅರ್ಜಿ ಎಳೆದಾಡುವವರೂ ಇದ್ದರು. 1995ರಲ್ಲಿ ಅಲ್ಲೂ ನಿಯಮ ಬದಲಾಗಿ, ಅರ್ಜಿ ಹಾಕಿದ ದಿನದಿಂದ ಎಣಿಸುವಂತಾಯಿತು. ಸರಿಯಾಗೇ ಆಯಿತು.

ಆದರೆ ಅಮೆರಿಕದ ಇನ್ನೊಂದು ನಿಯಮ ನನಗೆ ಇಷ್ಟ. 14 ತಿಂಗಳಲ್ಲಿ ಕಚೇರಿ ಮೊದಲ ಉತ್ತರ ಕೊಡದಿದ್ದರೆ, ಮೀರಿದ ದಿನಗಳನ್ನು ಪೇಟೆಂಟ್ ಅವಧಿಗೆ ಸೇರಿಸುತ್ತಾರೆ. ಅರ್ಜಿದಾರ ತಡ ಮಾಡಿದರೆ ಅದರಲ್ಲಿ ಕಳೆಯುತ್ತಾರೆ. ಎಲ್ಲ ಕಡೆ ಹೀಗೇ ಇರಬೇಕು, ಅಲ್ವಾ?

ಅಂದ ಹಾಗೆ, ನನಗೆ ಬಂದ ಆಕ್ಷೇಪಣೆಗೆ ನಾನಿನ್ನೂ ಉತ್ತರ ಬರೆದಿಲ್ಲ. ಪತ್ರ ಬಂದು ಮೂರು ವಾರ ಆಯ್ತು. ಅಷ್ಟರಲ್ಲಿ ಬೆಲ್‌ಗೆ ಪೇಟೆಂಟೇ ಬಂದಿತ್ತು.