ವೈರಿಗೊಂದು ಅಂಗಿ

ಮೂರು ವಾರದಿಂದ ಮೈಸೂರಿನ ನಮ್ಮ ಮನೆಯಲ್ಲಿ ಲಾಡಿ ಪೋಣಿಸುವ ಕೆಲಸ ನಡೆದಿದೆ. ಲಂಗದ ಲಾಡಿಯಲ್ಲ. ತಂಗಿಯ ಮಗ ಕಂಪ್ಯೂಟರಿನ ಪವರ್ ಸಪ್ಲೈ ವೈರುಗಳಿಗೆ ಸ್ಲೀವ್ ಹಾಕುತ್ತಿದ್ದಾನೆ. ವೈರಿಗೆ ಆಗಲೇ ಪ್ಲಾಸ್ಟಿಕ್ ಹೊದಿಕೆ ಇದೆಯಲ್ಲೋ ಅಂದೆ. "ಅದು ಬನಿಯನ್ನು ಮಾಮ, ಇದು ಅಂಗಿ" ಅಂದ.

ಪ್ಯಾರಾಕಾರ್ಡ್ ಅಂತ ಒಂದು ಹಗ್ಗ. ಮೂಲತಃ ಪ್ಯಾರಾಶೂಟಿನದು. ಅದರ ಹೊಟ್ಟೆಯ ಎಳೆಗಳನ್ನೆಲ್ಲ ಎಳೆದು ಬಿಸಾಕಿ, ಖಾಲಿ ಸಿಪ್ಪೆಯೊಳಗೆ ವೈರು ತೂರಿಸಬೇಕು. ಅದಕ್ಕೂ ಮೊದಲು ಕನೆಕ್ಟರಿನಿಂದ ವೈರಿನ ತುದಿಯ ಲೋಹದ ಪಿನ್ ಬಿಡಿಸಬೇಕು. ಪಿನ್ನಿನ ಎರಡು ಕಿವಿಗಳನ್ನೂ ಒಟ್ಟಿಗೆ ಹಿಂಡಿದರೆ ಮಾತ್ರ ಅದು ಜಾಗ ಬಿಡುತ್ತದೆ. ಹಿಂಡಲು ಸ್ಟೇಪ್ಲರ್ ಪಿನ್ನೇ ಆಯುಧ; ಹಿಂಡಿ ಹಿಂಡಿ ನನ್ನ ಸ್ಟೇಪ್ಲರ್ ಪಿನ್ನಿನ ಡಬ್ಬಿ ಖಾಲಿಯಾಯಿತು. ಮದರ್‌ಬೋರ್ಡಿಗೆ, ಅಂದರೆ ಕಂಪ್ಯೂಟರಿನ ಮುಖ್ಯ ಹಲಗೆಗೆ, ಹೋಗುವ ಕನೆಕ್ಟರಿನಲ್ಲಿ 24 ಮನೆ. ಈಗಿನವುಗಳಲ್ಲಿ ಒಂದು ಖಾಲಿ, ಇನ್ನೊಂದರಲ್ಲಿ ಎರಡು ವೈರುಗಳ ಕೂಡು ಕುಟುಂಬ. ಎಲ್ಲಾ ಮುಗಿದ ಮೇಲೆ ವೈರುಗಳನ್ನು ಸಾಲಾಗಿ ನಿಲ್ಲಿಸಲು ಬಾಚಣಿಗೆ. ಹೌದು, ವೈರಿನ ತಲೆ ಬಾಚಲೂ ಬಾಚಣಿಗೆ ಇದೆ!

ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್. ಪಾಪ, ಯಾರೋ ಇಷ್ಟು ನೀಟಾಗಿ ಬಣ್ಣ ಹಂಚಿದ್ದರು. ಇವನು ಎಲ್ಲವನ್ನೂ ಗುಲಾಬಿ ಮಾಡಿಬಿಟ್ಟ. ಈಗ ಚೀಟಿ ನೋಡದೆ ಅವನಿಗೂ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಬೈಯೋಣ ಅಂತ ಕಿಟಕಿ ಕಡೆ ತಿರುಗಿದೆ. ಹೊರಗೆ ಕಂಬ. ಇಂಟರ್ನೆಟ್ಟು, ಟೀವಿ, ಎಂದೋ ಸತ್ತ ಲ್ಯಾಂಡ್‌ಲೈನು, ಎಲ್ಲಾ ಒಂದೇ ಕಪ್ಪು. ಗೀಜಗನ ಗೂಡಿನ ಹಾಗೆ ಅನ್ನೋಣವೆಂದರೆ ಗೀಜಗನಿಗೆ ಹೆಣೆಯಲು ಬರುತ್ತದೆ. ದಸರಾ ಬಂದರೆ ಈ ಗೋಜಲಿನ ಮೇಲೆಯೇ ಸೀರಿಯಲ್ ಸೆಟ್ಟು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ನೋಡಿ ಬಂದವರಿಗೆ ನಮ್ಮ ಕಂಬವೂ ಚೆಂದವೇ. ಊರಿಗೆ ಹತ್ತು ದಿನದ ಸ್ಲೀವಿಂಗ್, ಅಲ್ವಾ?

ಮೊನ್ನೆ ಇಂಟರ್ನೆಟ್ ಹೋಯಿತು. ರಿಪೇರಿಯವನು ಏಣಿ ಹತ್ತಿ, "ನಿಮ್ಮ ವೈರು ಯಾವುದು ಸಾರ್?" ಅಂತ ನನ್ನನ್ನೇ ಕೇಳಿದ. ನಾನೇನು ಹೇಳಲಿ? ಒಂದನ್ನು ಜಗ್ಗಿದ. ಎದುರು ಮನೆಯಲ್ಲಿ ಧಾರಾವಾಹಿ ನಿಂತು ಕೂಗೆದ್ದಿತು. "ಇದಲ್ಲ" ಅಂದ. ಇನ್ನೊಂದು ಜಗ್ಗಿದ. ಮೂಲೆ ಮನೆಯವರು ಗೇಟಿಗೆ ಬಂದರು. "ಇದೂ ಅಲ್ಲ."

ಐದನೆಯದು ನಮ್ಮದು. ಅಷ್ಟರಲ್ಲಿ ಇಡೀ ಕಟ್ಟು ಜಾರಿ ಸ್ಕೂಟರಿನವರ ಕುತ್ತಿಗೆಯ ಮಟ್ಟಕ್ಕೆ ಬಂದಿತ್ತು. "ಹಗ್ಗ ಏನಾದ್ರೂ ಇದೆಯಾ?" ಅಂದ. ಹುಡುಗ ಒಳಗೆ ಓಡಿ ಉಳಿದ ಪ್ಯಾರಾಕಾರ್ಡ್ ತಂದುಕೊಟ್ಟ. ಈಗ ಕಂಬದ ಸೊಂಟಕ್ಕೆ ಗುಲಾಬಿ ಲಾಡಿ ಬಿಗಿದಿದೆ. ಹುಡುಗ ದಿನಾ ಬೆಳಿಗ್ಗೆ ಅದನ್ನು ನೋಡಿ, ಬಾಚಣಿಗೆಯನ್ನೂ ಕೊಡಬೇಕಿತ್ತು ಎಂದು ಪೇಚಾಡುತ್ತಾನೆ.