ಅಕ್ಕಾ, ಇಷ್ಟೇನಾ?

ನಿನ್ನೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಗುರ ಮಾಡಿಕೊಳ್ಳದಿದ್ದರೆ ಮನೆಯವರ ಮೇಲೆ ಹಾರಾಡುತ್ತೇನೆ. ಅವರು ಈಗಾಗಲೇ ಎರಡು ಸಲ ಕೇಳಿ ಆಗಿದೆ, ಪಾಪ.

ಐರ್ಲೆಂಡಿನ ಕಾರ್ಕ್‌ನಲ್ಲಿರುವ ನಮ್ಮ ಏಳೆಂಟು ಕನ್ನಡದ ಮನೆಗಳವರು ತಿಂಗಳಿಗೊಮ್ಮೆ ಸೇರುವುದು ನಿಮಗೆ ಗೊತ್ತೇ ಇದೆ. ಒಬ್ಬೊಬ್ಬರು ಒಂದೊಂದು ಐಟಂ ತರಬೇಕು. ಪುಳಿಯೋಗರೆ, ಕೋಸಂಬರಿ, ಪಲ್ಯ ಎಲ್ಲ ವಾಟ್ಸಾಪ್ ಗ್ರೂಪಿನಲ್ಲಿ ಮೊದಲೇ ಬುಕ್ ಆಗಿದ್ದವು. ನಾನು ಓಟ್ಸ್ ಹಾಕಿದ ಸೋಡಾ ಬ್ರೆಡ್ ಮಾಡಿದೆ, ಯೀಸ್ಟ್ ಬದಲು ಅಡುಗೆ ಸೋಡಾದಿಂದ ಉಬ್ಬುವ ಇಲ್ಲಿನ ಬ್ರೆಡ್. ಬಿಸಿ ಇದ್ದ ಹಾಗೇ ಟವೆಲ್‌ನಲ್ಲಿ ಸುತ್ತಿ, ಕಾರಿನಲ್ಲಿ ಎಳೆಮಗುವಿನ ಥರ ತೊಡೆ ಮೇಲೆ ಇಟ್ಟುಕೊಂಡು ಹೋದೆ.

ಹೊಸದಾಗಿ ಬಂದಿರುವ ಒಬ್ಬ ಹುಡುಗ ಒಂದು ತುಂಡು ಬಾಯಿಗೆ ಹಾಕಿಕೊಂಡ. ಅಗಿದ. ಇನ್ನೇನೋ ಬರಬಹುದು ಅಂತ ಕಾದ. ಆಮೇಲೆ ಕೇಳಿದ. "ಅಕ್ಕಾ, ಇಷ್ಟೇನಾ?"

ಇಷ್ಟೇ ಕಣಪ್ಪಾ! ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ. ಇನ್ನೇನು ಬರಬೇಕಿತ್ತು, ಮೆರವಣಿಗೆಯಾ?

ಅಷ್ಟರಲ್ಲಿ ಅವನ ಹೆಂಡತಿ ಫೋನ್ ತೆಗೆದು ಒಂದು ರೀಲ್ ತೋರಿಸಿದಳು. ಅದರ ಮೇಲೆ "ಅಥೆಂಟಿಕ್ ಐರಿಷ್ ಸೋಡಾ ಬ್ರೆಡ್" ಅಂತ ದಪ್ಪ ಅಕ್ಷರ. ಅರ್ಧ ಕಪ್ ಸಕ್ಕರೆ, ಎರಡು ಮೊಟ್ಟೆ, ಬೆಣ್ಣೆ, ಒಣದ್ರಾಕ್ಷಿ, ಕೊನೆಗೆ ಮೇಲಿಂದ ಸಕ್ಕರೆ ಪಾಕ. "ನೀವು ಇದೆಲ್ಲ ಹಾಕೋದು ಮರೆತ್ರಿ ಅನ್ಸುತ್ತೆ ಅಕ್ಕ" ಅಂದಳು. ತುಂಬಾ ಪ್ರೀತಿಯಿಂದಲೇ ಅಂದಳು. ನನಗೆ ಅದೇ ಇನ್ನೂ ಉರಿಯಿತು.

ನಾವು ಯಾಕೆ ಒಂದು ಸಾದಾ ಪದಾರ್ಥವನ್ನು ಅದರ ಪಾಡಿಗೆ ಬಿಡಲ್ಲ? ಮಸಾಲೆ ಇಲ್ಲ ಅಂದರೆ ಏನೋ ಕಮ್ಮಿ. ಸಿಹಿ ಇಲ್ಲ ಅಂದರೆ ಯಾರೋ ಮರೆತಿದ್ದಾರೆ.

ಈ ಬ್ರೆಡ್ ಹುಟ್ಟಿದ್ದೇ ಇಲ್ಲದಿರುವಿಕೆಯಿಂದ. ಐರ್ಲೆಂಡಿನಲ್ಲಿ ವರ್ಷಪೂರ್ತಿ ಮಳೆ, ಥಂಡಿ. ಇಲ್ಲಿ ಬೆಳೆಯುವ ಗೋಧಿ ಮೆತ್ತನೆಯದು, ಅಂಟು ಕಮ್ಮಿ. ಯೀಸ್ಟ್ ಹಾಕಿದರೆ ಅಷ್ಟು ಚೆನ್ನಾಗಿ ಉಬ್ಬಲ್ಲ. 1830ರ ದಶಕದ ಹೊತ್ತಿಗೆ ಅಡುಗೆ ಸೋಡಾ ಇಲ್ಲಿನ ಅಂಗಡಿಗಳಿಗೆ ಬಂತು. ಬೆಣ್ಣೆ ಕಡೆದ ಮಜ್ಜಿಗೆ ಹಳ್ಳಿ ಮನೆಗಳಲ್ಲಿ ಇದ್ದೇ ಇತ್ತು. ಮಜ್ಜಿಗೆಯ ಹುಳಿ, ಸೋಡಾ ಎರಡೂ ಸೇರಿದರೆ ಗಾಳಿಗುಳ್ಳೆ ಬರುತ್ತೆ, ಹಿಟ್ಟು ಉಬ್ಬುತ್ತೆ. ಬಹಳ ಮನೆಗಳಲ್ಲಿ ಓವನ್ ಎಲ್ಲಿತ್ತು? ಬ್ಯಾಸ್ಟಿಬಲ್ ಅಂತ ಒಂದು ಎರಕದ ಕಬ್ಬಿಣದ ಪಾತ್ರೆ. ಅದನ್ನು ಪೀಟ್ ಅಂತ ಸೌದೆಯ ಹಾಗೆ ಉರಿಯುವ ಒಣಗಿಸಿದ ಜೌಗು ಮಣ್ಣಿನ ಬೆಂಕಿಯ ಮೇಲೆ ತೂಗುಹಾಕಿ, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಆ ಹೆಂಗಸರಿಗೆ ಹೋಗಿ "ಇಷ್ಟೇನಾ?" ಅಂತ ಕೇಳಿ ನೋಡೋಣ.

ರೀಲಿನ ಸಿಹಿ ಬ್ರೆಡ್ ಬಹುಮಟ್ಟಿಗೆ ಅಮೆರಿಕಾದ್ದು. ಅಲ್ಲಿ ಸೇರಿದ್ದು ಸಕ್ಕರೆ, ಮೊಟ್ಟೆ, ಬೆಣ್ಣೆ ಎಲ್ಲ. ತಿನ್ನಲಿ, ನನಗೇನು? ಅಥೆಂಟಿಕ್ ಅನ್ನಬೇಡಿ ಅಷ್ಟೇ.

"ಐರಿಷ್ ಜನರೇ ಒಣದ್ರಾಕ್ಷಿ ಹಾಕ್ತಾರಲ್ಲ?" ಅಂತ ನಮ್ಮವರೇ ಊಟದ ತಟ್ಟೆ ಹಿಡಿದುಕೊಂಡು ವಾದಕ್ಕೆ ನಿಂತರು. ಹಾಕ್ತಾರೆ. ಅದಕ್ಕೆ 'ಸ್ಪಾಟೆಡ್ ಡಾಗ್' ಅಂತ ಬೇರೆ ಹೆಸರೇ ಇಟ್ಟಿದ್ದಾರೆ. ರವೆ ಒಂದೇ ಅಂತ ಕೇಸರಿಬಾತನ್ನು ಯಾರಾದರೂ ಉಪ್ಪಿಟ್ಟು ಅಂತಾರಾ? ಅವರು ಸುಮ್ಮನೆ ಕೋಸಂಬರಿ ಕಡೆ ಹೋದರು.

ನನ್ನ ಮಾತು ಬಿಡಿ, ಈ ದೇಶದ ಸುಪ್ರೀಂ ಕೋರ್ಟೇ 2020ರಲ್ಲಿ ಇದನ್ನು ಹೇಳಿದೆ. ಸ್ಯಾಂಡ್‌ವಿಚ್ ಅಂಗಡಿಯವರೊಬ್ಬರ ವ್ಯಾಟ್ ಕೇಸು ಅದು. ಬ್ರೆಡ್ಡಿನಲ್ಲಿ ಸಕ್ಕರೆ ಹಿಟ್ಟಿನ ತೂಕದ ಶೇ. 2 ದಾಟಬಾರದು ಅಂತ 1972ರ ಕಾನೂನು. ಅವರದ್ದರಲ್ಲಿ ಶೇ. 10 ಇತ್ತು. ತೆರಿಗೆ ಲೆಕ್ಕಕ್ಕೆ ಇದು ಬ್ರೆಡ್ಡೇ ಅಲ್ಲ ಅಂತ ತೀರ್ಪಾಯಿತು. ನಾನು ಹಾಕುವ 350 ಗ್ರಾಂ ಹಿಟ್ಟಿಗೆ ಶೇ. 2 ಅಂದರೆ 7 ಗ್ರಾಂ, ಎರಡು ಟೀ ಚಮಚವೂ ಇಲ್ಲ. ರೀಲಿನವಳದ್ದು ಅರ್ಧ ಕಪ್! ಅವಳನ್ನು ಯಾವ ಕೋರ್ಟಿಗೆ ಎಳೆಯೋಣ?

ಈಗ ನಿಮ್ಮಲ್ಲಿ ಯಾರೋ ಕಾಮೆಂಟ್ ಟೈಪ್ ಮಾಡುತ್ತಿದ್ದೀರಿ, ನನಗೆ ಗೊತ್ತು. "ಹಾಗಾದ್ರೆ ನೀನು ಓಟ್ಸ್ ಯಾಕೆ ಹಾಕ್ದೆ?" ಸ್ವಾಮಿ, ಓಟ್ಸ್ ಈ ನೆಲದ್ದು. ಸೋಡಾ ಬರುವುದಕ್ಕೆ ಎಷ್ಟೋ ಮುಂಚೆ ಇಲ್ಲಿನ ಬಡವರು ಓಟ್ಸ್ ರೊಟ್ಟಿ, ಓಟ್ಸ್ ಗಂಜಿ ತಿಂದೇ ಬದುಕಿದ್ದು. ಈಗಲೂ ಇಲ್ಲಿನ ಮನೆಗಳಲ್ಲಿ ಹಿಟ್ಟೇ ಇಲ್ಲದೆ, ಬರೀ ಓಟ್ಸಿನಲ್ಲಿ ಒಂದು ಬ್ರೆಡ್ ಮಾಡುತ್ತಾರೆ. ಮೊಸರಿನ ಡಬ್ಬವೇ ಅದಕ್ಕೆ ಅಳತೆ. ಒಂದು ಡಬ್ಬ ಮೊಸರಿಗೆ ಅದೇ ಡಬ್ಬದಲ್ಲಿ ಎರಡು ಡಬ್ಬ ಓಟ್ಸ್. ನಮ್ಮ ಪಾವಿನ ಲೆಕ್ಕದ ಹಾಗೆ. ಅದಕ್ಕೆ ಒಂದು ಮೊಟ್ಟೆನೂ ಹಾಕ್ತಾರೆ, ಆಯ್ತು, ಒಪ್ಪಿದೆ, ನನ್ನ ವಾದ ಅಲ್ಲಿ ಸ್ವಲ್ಪ ಕುಂಟುತ್ತೆ. ಮುಂದೆ ಹೋಗೋಣ.

ಬೇಕಾದವರಿಗೆ ನನ್ನ ಲೆಕ್ಕ ಹೇಳುತ್ತೇನೆ. 100 ಗ್ರಾಂ ಓಟ್ಸನ್ನು 400 ಮಿಲಿ ಮಜ್ಜಿಗೆಯಲ್ಲಿ ಹತ್ತು ನಿಮಿಷ ನೆನೆಸಿ. 200 ಗ್ರಾಂ ಗೋಧಿ ಹಿಟ್ಟು, 150 ಗ್ರಾಂ ಮೈದಾ, ಒಂದು ಟೀ ಚಮಚ ಉಪ್ಪು, ತಲೆ ಸವರಿದ ಒಂದು ಟೀ ಚಮಚ ಸೋಡಾ. ಸೋಡಾ ಗಂಟಿಲ್ಲದ ಹಾಗೆ ಜರಡಿ ಹಿಡಿಯಿರಿ. ನೆನೆಸಿದ ಓಟ್ಸನ್ನು ಮಜ್ಜಿಗೆ ಸಮೇತ ಸುರಿದು, ಬೆರಳು ಅಗಲಿಸಿ ಒಮ್ಮೆ ಕಲೆಸಿ, ಕೂಡಿತು ಅನ್ನಿಸಿದ ತಕ್ಷಣ ಕೈ ತೆಗೆಯಿರಿ. ಚಪಾತಿ ಹಿಟ್ಟಿನ ಥರ ನಾದಿದರೆ ಕಲ್ಲು ಆಗುತ್ತೆ. ಕೈಗೆ ಅಂಟಬೇಕು, ಅಂಟಲಿ. ಉಂಡೆ ಮಾಡಿ, ಸ್ವಲ್ಪ ತಟ್ಟಿ, ಮೇಲೆ ಆಳವಾಗಿ ಕೂಡಿಸುವ ಚಿಹ್ನೆಯ ಹಾಗೆ ಕೊಯ್ಯಿರಿ. ಒಳಗಿನ ಯಕ್ಷಿಣಿಗಳು ಹೊರಗೆ ಹೋಗಲಿ ಅಂತ ಇಲ್ಲಿನವರು ಹೇಳುತ್ತಾರೆ. ನಡುವಿನ ಹಿಟ್ಟಿಗೂ ಶಾಖ ತಾಗಲಿ ಅಂತ ನಾನು ಹೇಳುತ್ತೇನೆ. ಕಲೆಸಿ ಇಟ್ಟು ಫೋನ್ ನೋಡಬೇಡಿ, ಗುಳ್ಳೆಗಳು ಕಾಯಲ್ಲ. 220 ಡಿಗ್ರಿಯಲ್ಲಿ 15 ನಿಮಿಷ, 200ಕ್ಕೆ ಇಳಿಸಿ ಇನ್ನರ್ಧ ಗಂಟೆ. ಮಗುಚಿ ತಳಕ್ಕೆ ಬೆರಳಿನಿಂದ ತಟ್ಟಿ. ಹಲಸಿನ ಹಣ್ಣು ತಟ್ಟಿ ನೋಡ್ತೀವಲ್ಲ, ಹಾಗೆ. ಟೊಳ್ಳು ಸದ್ದು ಬಂದರೆ ಬೆಂದಿದೆ. ಊರಲ್ಲಿ ಮಾಡುವವರು ನೀರು ಮಜ್ಜಿಗೆ ಹಾಕಬೇಡಿ. ಹುಳಿ ಮೊಸರಿಗೆ ಸ್ವಲ್ಪವೇ ನೀರು ಸೇರಿಸಿ ಕಡೆಯಿರಿ.

ಇಷ್ಟು ಕೂಗಾಡಿದ ಮೇಲೆ ಒಂದು ಸತ್ಯ ಹೇಳಿಬಿಡುತ್ತೇನೆ. ಇದನ್ನು ನನಗೆ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಅವರು ಹಿಟ್ಟು ಕಲೆಸಿ ಓವನ್ನಿಗೆ ಇಟ್ಟಾಗ ನಾನು ಕೇಳಿದ ಮೊದಲ ಪ್ರಶ್ನೆ ಅದೇ. ಇಷ್ಟೇನಾ? ಅವರು ನಕ್ಕು ಕೆಟಲ್ ಹಾಕಿದರು. ನಾನು ಮನೆಗೆ ಬಂದವಳೇ ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಅರಿಶಿನ ಎಲ್ಲ ಸುರಿದೆ. ಚೆನ್ನಾಗಿ ಉಬ್ಬಲಿ ಅಂತ ಸೋಡಾ ಮೂರು ಚಮಚ. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತೆ ಗೊತ್ತಲ್ಲ? ಸೋಡಾಕ್ಕೂ ಅದೇ ಗುಣ. ಕೊಯ್ದರೆ ಒಳಗೆಲ್ಲ ಕೆಂಪು ಕೆಂಪು ಮಚ್ಚೆ, ಓಕುಳಿ ಎರಚಿದ ಹಾಗೆ. ಬಾಯಿಗಿಟ್ಟರೆ ಸೋಪು. ಅದನ್ನು ತಗೊಂಡು ಹೋಗಿ ಆ ಅಜ್ಜಿಗೆ ಕೊಟ್ಟೆನಲ್ಲ, ನನ್ನ ಧೈರ್ಯಕ್ಕೆ ಏನನ್ನಬೇಕು! ಅವರು ದಪ್ಪಗೆ ಬೆಣ್ಣೆ ಹಚ್ಚಿದರು. "ಲವ್ಲಿ" ಅಂದರು. ಪೂರ್ತಿ ತಿಂದರು.

ಆ ತಾಳ್ಮೆ ನನಗಿಲ್ಲ. ನಿನ್ನೆ ಆ ಹುಡುಗನಿಗೆ "ಇಷ್ಟೇ, ಬೇಡದಿದ್ರೆ ಬಿಡು" ಅಂದುಬಿಟ್ಟೆ. ಅಲ್ಲಿದ್ದ ಅರ್ಧ ಜನರಿಗೆ ಕೇಳಿಸಿತು.

ರಾತ್ರಿ ಉಳಿದ ಕಾಲು ಭಾಗವನ್ನು ಕಾವಲಿಯಲ್ಲಿ ಬಿಸಿ ಮಾಡಿ, ಬೆಣ್ಣೆ ಹಚ್ಚಿ, ಅಮ್ಮ ಕಳಿಸಿದ ಚಟ್ನಿಪುಡಿ ಉದುರಿಸಿ ತಿಂದೆ. ಏನು ನೋಡ್ತೀರಿ? ಮೇಲೆ ಏನು ಹಾಕಿಕೊಳ್ಳುತ್ತೀರೋ ನಿಮ್ಮಿಷ್ಟ. ಒಳಗೆ ಕೈ ಹಾಕಬೇಡಿ ಅಂತ ಹೇಳುತ್ತಿರುವುದು.

ಬೆಳಿಗ್ಗೆ ಎದ್ದರೆ ಅದೇ ಹುಡುಗನ ಮೆಸೇಜ್. "ಅಕ್ಕಾ, ಸಾರಿ. ಮನೆಗೆ ಬಂದ ಮೇಲೂ ಆ ಬ್ರೆಡ್ ನೆನಪಾಯ್ತು. ರೆಸಿಪಿ ಕಳಿಸ್ತೀರಾ?" ಕರಗಿ ಹೋದೆ. ಎಲ್ಲ ಅಳತೆ ಸಮೇತ ಕಳಿಸಿದೆ. ಐದು ನಿಮಿಷಕ್ಕೆ ಮತ್ತೆ ಬಂತು. "ಥ್ಯಾಂಕ್ಸ್ ಅಕ್ಕಾ. ಒಂದೇ ಡೌಟು. ಸ್ವಲ್ಪ ಬೆಲ್ಲ ಹಾಕಬಹುದಾ?"

ನೋಡಿದ್ದೇನೆ ಅಂತ ಅವನಿಗೆ ಗೊತ್ತಾಗಿದೆ, ನೀಲಿ ಟಿಕ್ ಬಿದ್ದಿದೆ. ಮಧ್ಯಾಹ್ನ ಆಯಿತು, ಇನ್ನೂ ಉತ್ತರ ಕೊಟ್ಟಿಲ್ಲ.