ಗದ್ದೆಯಲ್ಲಿ ನೀರು ನಿಲ್ಲಿಸುವುದೂ ಕೆಲಸವೇ

ಜೌಗು ನೆಲ ಉಳಿಸಿಕೊಂಡ ರೈತರಿಗೆ ದುಡ್ಡು ಕೊಡಬೇಕು ಅಂದರೆ ಕೆಲವರಿಗೆ ಸಿಟ್ಟು ಬರುತ್ತದೆ. "ಏನೂ ಬೆಳೆಯದೆ ಸುಮ್ನೆ ಬಿಟ್ಟಿದ್ದಕ್ಕೆ ಯಾಕೆ ಕೊಡಬೇಕು?" ಅಂತ ಕೇಳುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತಗ್ಗಿನ ಆ ಒಂದೆರಡು ಎಕರೆಗೆ ಕಾಲುವೆ ತೋಡಿ ನೀರು ಬಸಿದರೆ ಬೆಳೆ ಬರುತ್ತದೆ, ಸಾಲ ತೀರುತ್ತದೆ. ಹಾಗೇ ಬಿಟ್ಟರೆ ಮಳೆ ನೀರು ಅಲ್ಲೇ ನಿಂತು ಕೆಳಗಿನವರ ನೆರೆ ತಗ್ಗುತ್ತದೆ. ಗೊಬ್ಬರದ ನೈಟ್ರೇಟ್ ಹೊಳೆ ಸೇರುವ ಮೊದಲೇ ಕಡಿಮೆಯಾಗುತ್ತದೆ. ಹಕ್ಕಿಗೆ, ಕಪ್ಪೆಗೆ ನೆಲೆ ಉಳಿಯುತ್ತದೆ. ಲಾಭ ಎಲ್ಲರಿಗೂ, ನಷ್ಟ ಮಾತ್ರ ಆ ಒಂದು ಮನೆಗೆ. ಹಾಗಾಗಿ ನಾನು ಇದನ್ನು ಸಹಾಯಧನ ಅನ್ನುವುದಿಲ್ಲ, ಕೂಲಿ ಅನ್ನುತ್ತೇನೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯದ್ದು. ಅಲ್ಲಿದ್ದ ಜೌಗಿನಲ್ಲಿ ನೂರಕ್ಕೆ 90 ಪಾಲಿಗಿಂತ ಜಾಸ್ತಿ ಈಗ ಇಲ್ಲ. ವಲಸೆ ಹಕ್ಕಿಗಳು ಮಾತ್ರ ಅದೇ ಹಳೇ ದಾರಿಯಲ್ಲಿ ಬರುತ್ತಲೇ ಇವೆ. 1991ರಲ್ಲಿ ಭತ್ತದ ಹುಲ್ಲು ಸುಡುವುದಕ್ಕೆ ಕಾನೂನು ಕಡಿವಾಣ ಹಾಕಿತು. ಹುಲ್ಲು ಕೊಳೆಯಲಿ ಅಂತ ರೈತರು ಚಳಿಗಾಲದಲ್ಲಿ ಗದ್ದೆಗೆ ನೀರು ಹಾಯಿಸತೊಡಗಿದರು. ಬಾತುಗಳು ಬಂದು ಇಳಿದವು! ಆದರೆ ಮುಂದಿನ ಬಿತ್ತನೆಗಾಗಿ ನೀರು ಬಸಿಯುವ ಹೊತ್ತಿಗೇ ಉಲ್ಲಂಕಿಯಂಥ ಪುಟ್ಟ ಹಕ್ಕಿಗಳ ಮರುಪ್ರಯಾಣ. ಅವಕ್ಕೆ ಬೇಕಾದದ್ದು ಕೆಲವೇ ಇಂಚು ನೀರು, ಕೆಲವೇ ವಾರ.

ದಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆ 2014ರಲ್ಲಿ ಆ ಕೆಲವು ವಾರಗಳನ್ನೇ ಬಾಡಿಗೆಗೆ ತೆಗೆದುಕೊಂಡಿತು. ಯೋಜನೆಯ ಹೆಸರು ಬರ್ಡ್‌ರಿಟರ್ನ್ಸ್. ಹಕ್ಕಿ ನೋಡುವ ಹವ್ಯಾಸಿಗಳು ಇಬರ್ಡ್ ಅನ್ನುವ ಜಾಲತಾಣದಲ್ಲಿ ದಾಖಲಿಸಿದ ಲೆಕ್ಕ ನೋಡಿ, ಯಾವ ವಾರ ಎಲ್ಲಿ ನೀರು ಬೇಕು ಅಂತ ಗುರುತಿಸಿದರು. "ಇಷ್ಟು ಕೊಟ್ಟರೆ ನೀರು ನಿಲ್ಲಿಸುತ್ತೇನೆ" ಅಂತ ದರ ಹೇಳಿದವರು ರೈತರೇ. ದರ ಮತ್ತು ಜಾಗ ಎರಡೂ ನೋಡಿ ಗದ್ದೆ ಆರಿಸಿದರು. ತನ್ನ ಕೆಲಸದ ಬೆಲೆಯನ್ನು ರೈತ ತಾನೇ ಹೇಳುವುದು ಎಷ್ಟು ಅಪರೂಪ, ಅಲ್ವಾ?

ಜಪಾನಿನ ಟೊಯೊವೊಕಾದ ದಾರಿ ಬೇರೆ. ಆ ದೇಶದ ಕೊನೆಯ ಕಾಡು ಕೊಕ್ಕರೆ ಸತ್ತದ್ದು ಅಲ್ಲೇ, 1971ರಲ್ಲಿ. ಸಾಕಿ ಬೆಳೆಸಿದ ಕೊಕ್ಕರೆಗಳನ್ನು 2005ರಲ್ಲಿ ಮತ್ತೆ ಹಾರಿಬಿಟ್ಟರು. ಅವು ತಿನ್ನುವುದೇನು? ಅದಕ್ಕಾಗಿ ರೈತರು ಕೀಟನಾಶಕ ಕಡಿಮೆ ಮಾಡಿದರು. ಗೊದಮೊಟ್ಟೆಗೆ ಕಾಲು ಮೂಡಿ ಕಪ್ಪೆಯಾಗುವ ತನಕ ಗದ್ದೆಯ ನೀರು ಬಸಿಯದೆ ಕಾದರು. ಆ ಅಕ್ಕಿಗೆ ಕೊಳ್ಳುವವರು ಹೆಚ್ಚಿನ ಬೆಲೆ ಕೊಡುತ್ತಾರೆ.

ದುಡ್ಡು ಕೊಟ್ಟ ಕಡೆಯೆಲ್ಲ ಹಕ್ಕಿ ಬಂತು ಅಂತಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಹುಲ್ಲುಗಾವಲಿನ ಹಕ್ಕಿಗಳು ಮರಿ ಮಾಡಲಿ ಅಂತ, ಹುಲ್ಲನ್ನು ತಡವಾಗಿ ಕೊಯ್ಯುವುದಕ್ಕೆ ರೈತರಿಗೆ ಹಣ ಕೊಟ್ಟರು. 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹಣ ಪಡೆದ ಹೊಲವನ್ನೂ ಪಡೆಯದ ಹೊಲವನ್ನೂ ಹೋಲಿಸಿತು. ಹಕ್ಕಿಗಳಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಇದು ರೈತರ ಮೋಸ ಅಲ್ಲ. ಸುತ್ತಲಿನ ನೆಲದ ನೀರನ್ನೆಲ್ಲ ಬಸಿದು ಒಣಗಿಸಿಟ್ಟು, ಕೊಯ್ಲಿನ ತಾರೀಕು ಮಾತ್ರ ಮುಂದೂಡಿದರೆ ಹಕ್ಕಿ ಮರಿ ತಿನ್ನುವುದೇನನ್ನು? ಹಕ್ಕಿಗೆ ನಿಜವಾಗಿ ಏನು ಬೇಕೋ ಅದಕ್ಕೇ ಹಣ ಕೊಡಬೇಕು. ಬಹಳ ಸಲ ಅದು ನೀರೇ.

ಕರಾರಿನ ಅವಧಿಯೂ ನನ್ನನ್ನು ಕಾಡುತ್ತದೆ. ಅಮೆರಿಕದಲ್ಲಿ 1985ರಿಂದ ಒಂದು ಯೋಜನೆ ಇದೆ. 10-15 ವರ್ಷ ಉಳುಮೆ ನಿಲ್ಲಿಸಿ ಹುಲ್ಲು, ಮರ ಬೆಳೆಸಿದರೆ ಸರ್ಕಾರ ಬಾಡಿಗೆ ಕೊಡುತ್ತದೆ. 2007ರಲ್ಲಿ ಸುಮಾರು 3 ಕೋಟಿ 68 ಲಕ್ಷ ಎಕರೆ ಅದರಲ್ಲಿತ್ತು. ಮೆಕ್ಕೆಜೋಳದ ಬೆಲೆ ಏರಿತು, ಯೋಜನೆಗೆ ಎಷ್ಟು ಎಕರೆ ಸೇರಿಸಬಹುದು ಅನ್ನುವ ಮಿತಿಯನ್ನು ಸರ್ಕಾರವೂ ಇಳಿಸಿತು. ಹತ್ತೇ ವರ್ಷದಲ್ಲಿ ಅದರ ಮೂರನೇ ಒಂದು ಪಾಲು ಹೊರಬಿತ್ತು. ಅಷ್ಟು ವರ್ಷ ಬೆಳೆದು ನಿಂತ ಹುಲ್ಲನ್ನು ಮತ್ತೆ ಉಳುವುದಕ್ಕೆ ಒಂದು ದಿನ ಸಾಕು.

ಅಲ್ಲೇ 1990ರ ಕೃಷಿ ಕಾನೂನು ಜೌಗಿಗೆ ಬೇರೆ ದಾರಿ ತೆರೆಯಿತು. ನೆಲವನ್ನು ಜೌಗಾಗಿಯೇ ಉಳಿಸುವ ಒಂದು ಕರಾರು ಶಾಶ್ವತ, ಬಿಟ್ಟುಕೊಟ್ಟ ಹಕ್ಕಿಗೆ ಹಣ ಪೂರ್ತಿ. ಇನ್ನೊಂದು 30 ವರ್ಷದ್ದು, ಹಣ ಹೆಚ್ಚೆಂದರೆ ಮುಕ್ಕಾಲು ಪಾಲು. ನೆಲ ಮಾರಿದರೂ ಕರಾರು ನೆಲದ ಜೊತೆಗೇ ಹೋಗುತ್ತದೆ. ನಾನು 30 ವರ್ಷದ ಪರ. ಇನ್ನೂ ಹುಟ್ಟದ ಮೊಮ್ಮಕ್ಕಳ ಪರವಾಗಿ ಇವತ್ತೇ ಸಹಿ ಹಾಕಿ ಅಂತ ಯಾರನ್ನೂ ಕೇಳುವ ಧೈರ್ಯ ನನಗಿಲ್ಲ. ಆದರೆ ಮುಕ್ಕಾಲು ಪಾಲು ಸಾಲದು. ಅವರಿಗೂ ಪೂರ್ತಿ ಹಣ ಕೊಡಬೇಕು.